ಕಿಟಕಿ ಸೀಟಿನ ಹಂಚು

ನಮ್ಮ ನೆಗೆಣ್ಣಿ ಮೊನ್ನೆ ಮೊನ್ನೆಯವರೆಗೂ ಒಮ್ಮೆಯೂ ಬಸ್ಸಿನಲ್ಲಿ ನಿಂತವಳಲ್ಲ. ನಂಬಿಕೆ ಬರುವುದಿಲ್ಲ, ಅಲ್ಲವೇ? ನನಗೂ ಬಂದಿರಲಿಲ್ಲ. ಅವಳು ಕುಳಿತ ಸೀಟಿನ ಪಕ್ಕದಲ್ಲೇ ಕಂಬ ಹಿಡಿದು ನಿಂತು, ಎಷ್ಟೋ ಸಲ ಪ್ರಯಾಣ ಮಾಡಿ, ಸೊಂಟ ಹಿಡಿಸಿಕೊಂಡ ಮೇಲೆ ಬಂತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದಂದಿನಿಂದ ಜಮಖಂಡಿ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದೆಂದರೆ ಏನೆಂದು ಹಿಡಿದವರಿಗೇ ಗೊತ್ತು. ಬಸ್ಸು ಇನ್ನೂ ನಿಂತೇ ಇರುವುದಿಲ್ಲ, ಕಿಟಕಿಗಳಿಂದ ಕರವಸ್ತ್ರ, ಟವೆಲ್ಲು, ಕೈಚೀಲ, ಒಮ್ಮೊಮ್ಮೆ ಕೂಸು ಕೂಡ ಒಳಗೆ ಹೋಗುತ್ತವೆ! ಬಾಗಿಲಿನಿಂದ ಹತ್ತಿದವರು ಅವನ್ನೆಲ್ಲ ಎತ್ತಿ ಅತ್ತ ಹಾಕಿ (ಕೂಸನ್ನು ಬಿಟ್ಟು) ಆರಾಮಾಗಿ ಕೂತುಬಿಡುತ್ತಾರೆ. ಆಮೇಲೆ ಮುಧೋಳ ಬರುವವರೆಗೂ ಜಗಳ. ಆದರೆ ನಮ್ಮ ನೆಗೆಣ್ಣಿ ಹಿಡಿದ ಸೀಟನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಏಕೆಂದರೆ ಅವಳು ಕಿಟಕಿಯಿಂದ ತೂರಿಸುವುದು ಟವೆಲ್ಲನ್ನಲ್ಲ, ಹಂಚನ್ನು!

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಭಾವನವರು ಪವರ್‌ಲೂಮ್ ಹಾಕಿಕೊಂಡು ರಬಕವಿಗೆ ಹೋದ ಮೇಲೆ ಅವಳು ರಬಕವಿಯವಳಾದಳು. ನಾನು ಅತ್ತೆಯ ಜೊತೆ ಜಮಖಂಡಿಯ ಮನೆಯಲ್ಲೇ ಉಳಿದೆ. ಹಿರಿಯವಳಾದ್ದರಿಂದ ಎದುರಿಗೆ "ಅಕ್ಕಾರ" ಎನ್ನುತ್ತೇನೆ. ಬೆನ್ನ ಹಿಂದೆ ಏನೆನ್ನುತ್ತೇನೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹಬ್ಬವಿರಲಿ, ಹೆಸರಿಡುವುದಿರಲಿ, ಅವಳು ಬರುವಾಗ ಕಂಕುಳಲ್ಲಿ ಹಂಚು ಇರಲೇಬೇಕು. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು, ಮೊಳದಗಲದ್ದು. ತಳಕ್ಕೆ ಎಷ್ಟೋ ವರ್ಷಗಳ ಕಟ್ಟಿಗೆ ಒಲೆಯ ಮಸಿ ಮೆತ್ತಿಕೊಂಡಿದೆ. ಅದನ್ನು ಹಳೆ ಸೀರೆಯ ತುಂಡಿನಲ್ಲಿ ಅರ್ಧ ಮಾತ್ರ ಸುತ್ತುತ್ತಾಳೆ. ತನ್ನ ಕಡೆಗೆ ಬಟ್ಟೆ, ಲೋಕದ ಕಡೆಗೆ ಮಸಿ!

ಒಮ್ಮೆ ನಾವಿಬ್ಬರೂ ಮುಧೋಳದಿಂದ ಬರುವಾಗ ಒಬ್ಬ ಹಿರಿಯರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ, ಬಿಳಿ ಟೋಪಿ, ಗಡಿಬಿಡಿಯಲ್ಲಿ ಬಂದು ಆ ಸೀಟಿನ ಮೇಲೆ ಅರ್ಧ ಬಗ್ಗಿದವರು ಹಂಚನ್ನು ಕಂಡು ಹಾವು ಕಂಡವರಂತೆ ಹಾಗೇ ಎದ್ದರು. ಎತ್ತಿ ಬೇರೆ ಕಡೆ ಇಡೋಣವೆಂದರೆ ಕೈ ಕಪ್ಪು. ಸರಿಸೋಣವೆಂದರೆ ಧೋತರ ಕಪ್ಪು. ಅಷ್ಟರಲ್ಲಿ ನಮ್ಮ ನೆಗೆಣ್ಣಿ ಮೆರವಣಿಗೆಗೆ ಬಂದವಳಂತೆ ನಿಧಾನವಾಗಿ ನಡೆದು ಬಂದು, ಹಂಚನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ಕೂತಳು. ಕಂಡಕ್ಟರ್‌ಗೆ ಸಿಟ್ಟು ಬಂತು.

"ಅಕ್ಕಾರ, ಒಂದ ಸೀಟ ಹಿಡದೈತಲ್ಲ ಅದು, ಅದಕ್ಕ ಟಿಕೆಟ್ ತಗೋರಿ."

"ಯಾಕ್ರೀ? ಹೆಣ್ಣಮಕ್ಕಳಿಗೆ ಪುಕ್ಕಟ ಐತಲ್ಲ."

"ಹಂಚ ಹೆಣ್ಣೇನ್ರಿ?"

"ಮತ್ತ? ಮುಂಜಾನಿಂದ ಸಂಜೀತನ ಒಲಿ ಮ್ಯಾಲ ಕುಂತ ಸುಟಗೋತೈತ್ರಿ. ಗಂಡಸಾಗಿದ್ರ ಕಟ್ಟಿ ಮ್ಯಾಲ ಕುಂತ ಎಲಿ ಅಡಿಕಿ ಹಾಕ್ಕೋತಿತ್ತು!"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ನಕ್ಕ, ಬಿಳಿ ಧೋತರದ ಹಿರಿಯರೂ ನಕ್ಕರು. ನಗದವಳು ನಾನೊಬ್ಬಳೇ. ಅದೇ ಮಾತನ್ನು ನಾನು ಆಡಿದ್ದರೆ ಕೆಳಗಿಳಿಸುತ್ತಿದ್ದರು! ನನ್ನ ಕರವಸ್ತ್ರ ಅದೇ ಬಸ್ಸಿನ ಯಾವುದೋ ಸೀಟಿನಡಿಯಲ್ಲಿ ಬಿದ್ದಿತ್ತು. ಅದನ್ನು ಹುಡುಕುತ್ತ ಜಮಖಂಡಿವರೆಗೆ ನಿಂತೇ ಬಂದೆ.

ನನಗೆ ಹೊಟ್ಟೆಕಿಚ್ಚೇ ಎಂದು ನೀವು ಕೇಳಬಹುದು. ಛೇ ಛೇ, ಎಲ್ಲಾದರೂ ಉಂಟೇ... ಇದೆ. ಹೌದು, ಇದೆ! ಮುಚ್ಚಿಡುವುದೇನಿದೆ? ನೀವೇ ನನ್ನ ಜಾಗದಲ್ಲಿ ನಿಂತು ನೋಡಿ. ಮನೆಯಲ್ಲಿ ಒಂದು ಕಾರ್ಯವೆಂದರೆ ಜಂತಿಯ ಜೇಡರಬಲೆಯಿಂದ ಹಿಡಿದು ಹಿತ್ತಲಿನ ಬಚ್ಚಲವರೆಗೆ ತೊಳೆಯುವವಳು ನಾನು. ಓಣಿಯ ಮನೆಮನೆಗೂ ಹೋಗಿ ಪಾತೇಲಿ, ಕೊಳಗ, ಪರಾತ ಕೇಳಿ ತರುವವಳು ನಾನು. ಕಡಲೆಬೇಳೆ ಆರಿಸುವವಳು, ಶೇಂಗಾ ಹುರಿದು ಸಿಪ್ಪೆ ತೂರುವವಳು, ಹಾಸಿಗೆಯ ಬಟ್ಟೆ ಒಗೆದು ಒಣಹಾಕುವವಳು, ಎಲ್ಲ ನಾನೇ. ಇವಳು ಕಾರ್ಯದ ದಿನ ಬೆಳಿಗ್ಗೆ ಹಂಚು ಹಿಡಿದು ಇಳಿಯುತ್ತಾಳೆ. ಇಳಿದವಳು ಸೀದಾ ಅಡುಗೆಮನೆಗೆ ನುಗ್ಗಿ, ನಾನು ತಿಕ್ಕಿ ಬೋರಲು ಹಾಕಿದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ.

"ತಿಕ್ಕೀಯೇನಬೇ ಇವನ್ನ?"

"ತಿಕ್ಕೇನ್ರಿ ಅಕ್ಕಾರ."

"ಹಂ." ಅಷ್ಟೇ. ಆಮೇಲೆ ಅವನ್ನೆಲ್ಲ ಬಚ್ಚಲಿಗೆ ಹೊತ್ತು ಮತ್ತೆ ತಿಕ್ಕುತ್ತಾಳೆ! ಆದರೆ ತನ್ನ ಹಂಚಿನ ತಳವನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಒಮ್ಮೆ ನಾನು ತಡೆಯಲಾರದೆ ನಾರು ತೆಗೆದುಕೊಂಡು ಮಸಿ ಉಜ್ಜಲು ಹೋದೆ. ಎಲ್ಲಿದ್ದಳೋ ಓಡಿ ಬಂದಳು. "ಏ, ಕೈ ತಗಿ! ಮಸಿ ಹೋದ್ರ ಹಂಚಿನ ಕಸುವ ಹೋಗ್ತೈತಿ." ಹಂಚಿನ ಕಸುವಂತೆ! ಬಸ್ಸಿನ ಸೀಟು ಹೋಗುತ್ತದೆ ಎಂದು ನೇರವಾಗಿ ಹೇಳಬಾರದೇ? ಅವಳು ಹೋದ ಮೇಲೆ ಗೋಡೆಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ನನ್ನ ಹೊಸ ಪರದೆಯ ಮೇಲೆ ಬೆರಳಿನ ಕಪ್ಪು ಗುರುತುಗಳನ್ನು ಒರೆಸುತ್ತ ಕೂರುವುದು ಯಾರ ಹಣೆಯಲ್ಲಿ ಬರೆದದ್ದೆಂದು ಬೇರೆ ಹೇಳಬೇಕೇ?

ಇನ್ನು ರೊಟ್ಟಿಯ ವಿಷಯ. ಗ್ಯಾಸಿನ ಮೇಲೆ ಅವಳ ಕೆಲಸ ನಡೆಯುವುದಿಲ್ಲ. ಹಿತ್ತಲಿನ ಒಲೆಯೇ ಆಗಬೇಕು. ನೂರಾರು ರೊಟ್ಟಿಯ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬಳು ಬಡಿಯಬೇಕು, ಒಬ್ಬಳು ಬೇಯಿಸಬೇಕು. ಅವಳು ಹಿಟ್ಟಿನ ಪರಾತದ ಮುಂದೆ ಕಾಲು ಚಾಚಿ ಕೂತು ಪಟಪಟ ಬಡಿಯುತ್ತಾಳೆ. ಗಾಳಿಗೆ ಬೆನ್ನು, ನೆರಳಿನ ಜಾಗ, ಬಂದವರೊಡನೆ ಮಾತು, ನಗು. ನಾನು ಒಲೆಯ ಮುಂದೆ. ಹಂಚಿಗೆ ಬಿದ್ದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಹಚ್ಚಬೇಕು, ನೀರು ಆರುವ ಹೊತ್ತು ನೋಡಿ ತಿರುವಬೇಕು, ಅಂಚು ಒತ್ತಿ ಉಬ್ಬಿಸಬೇಕು, ಕಟ್ಟಿಗೆ ಮುಂದಕ್ಕೆ ತಳ್ಳಬೇಕು, ಹಿಂದಕ್ಕೆ ಎಳೆಯಬೇಕು, ನಡುನಡುವೆ ಹೊಗೆ ಕುಡಿಯಬೇಕು. ಇಷ್ಟರ ಜೊತೆಗೆ ಅವಳ ಬೈಗುಳವನ್ನೂ ತಿನ್ನಬೇಕು.

"ತಿರವಿ ಹಾಕಬೇ! ಸೀದ ವಾಸನಿ ಬರಾಕತ್ತೈತಿ!"

"ಅಂಚ ದಪ್ಪ ಬಡದ್ರ ನಾ ಏನ ಮಾಡ್ಲಿ? ತೆಳ್ಳಗ ಬಡೀರಿ ಅಕ್ಕಾರ!"

"ನನ್ನ ಅಂಚಿಗೆ ಹೆಸರ ಇಡ್ತೀ? ಈ ಕೈ ನೋಡ, ಈ ಕೈ!"

ಊಟಕ್ಕೆ ಕೂತವರು ಏನೆನ್ನುತ್ತಾರೆ ಗೊತ್ತೇ? "ಹಿರೇಸೊಸಿ ಬಂದಾಳೇನ್ರಿ? ಅದಕ್ಕ ಮತ್ತ! ರೊಟ್ಟಿ ಅಂದ್ರ ಅಕಿ ರೊಟ್ಟಿ." ಮನೆಯಲ್ಲಿ ನಮ್ಮ ಅತ್ತೆ, ನನ್ನ ಗಂಡ, ಓಣಿಯ ಮಂದಿ ಎಲ್ಲರೂ ಅದನ್ನು ಅವಳ ಹೆಸರಿನಿಂದಲೇ ಕರೆಯುತ್ತಾರೆ. ಬಡಿದವಳ ಹೆಸರು ರೊಟ್ಟಿಗೆ ಅಂಟಿಕೊಂಡಿತು. ಬೇಯಿಸಿದವಳ ಕಣ್ಣಿಗೆ ಹೊಗೆ ಅಂಟಿಕೊಂಡಿತು. ಇದು ನ್ಯಾಯವೇ?

ಆ ಹಂಚಾದರೂ ಅವಳ ತವರಿನದ್ದೇ ಎಂದರೆ ಅದೂ ಅಲ್ಲ. ನಮ್ಮ ಅತ್ತೆಯದು! ಅಣ್ಣತಮ್ಮಂದಿರು ಬೇರೆಯಾದಾಗ ಅತ್ತೆ ಪಾತ್ರೆಪಗಡ ಹಂಚಿದರು. ಹಿರಿಯವಳಿಗೆ ಹಂಚು, ನನಗೆ ಹಿತ್ತಾಳೆಯ ಪರಾತ. ಪರಾತ ಯಾರ ಮನೆಯಲ್ಲಿಲ್ಲ? ಅತ್ತೆಯ ಅತ್ತೆಯ ಕಾಲದಿಂದ ಬಂದ, ಪಳಗಿದ ಆ ಹಂಚಿನ ಮೇಲೆ ನನಗೆ ಮದುವೆಯಾಗಿ ಬಂದ ದಿನದಿಂದ ಕಣ್ಣಿತ್ತು. ಅಂದು ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ಹೊಟ್ಟೆಯೊಳಗೆ ಹತ್ತಿದ ಕಿಚ್ಚು ಇಂದಿಗೂ ಆರಿಲ್ಲ. ಅದರ ಮೇಲೆ ಹಂಚಿಟ್ಟಿದ್ದರೆ ಊರಿಗೆಲ್ಲ ರೊಟ್ಟಿ ಬೇಯಿಸಬಹುದಿತ್ತು.

ಆದರೂ ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾರದ್ದು ಮೊನ್ನೆ ಚಳಿಗಾಲದಲ್ಲಿ ನಡೆಯಿತು.

ನನಗೆ ಒಬ್ಬಳೇ ಮಗಳು. ಬೀಳಗಿಗೆ ಕೊಟ್ಟಿದ್ದೇವೆ. ಬಸುರಾದಳು, ಸಂತೋಷವೇ. ಆದರೆ ಏನೂ ತಿನ್ನುತ್ತಿರಲಿಲ್ಲ. ಎಲ್ಲರಿಗೂ ವಾಂತಿ ನಿಂತು ಬಾಯಿಗೆ ರುಚಿ ಹತ್ತುವ ಹೊತ್ತಿಗೂ ಇವಳಿಗೆ ಅನ್ನ ಕಂಡರಾಗದು, ಚಪಾತಿ ಕಂಡರಾಗದು. ಡಾಕ್ಟರ್ ಕೂಸಿನ ತೂಕ ಕಡಿಮೆಯಿದೆ, ತಾಯಿ ಹೊಟ್ಟೆತುಂಬ ಉಣ್ಣಬೇಕು ಎಂದಿದ್ದರು. ವಿಡಿಯೋ ಕಾಲಿನಲ್ಲಿ ಮಗಳ ಕೆನ್ನೆಯ ಎಲುಬು ಕಂಡ ದಿನ ನನಗೂ ಊಟ ಸೇರಲಿಲ್ಲ. ಏಳನೇ ತಿಂಗಳ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ತವರಿನವರು ಬಯಕೆಯ ಬುತ್ತಿ ಹೊತ್ತು ಹೋಗಬೇಕಲ್ಲ, ಈ ಸಲ ಅವಳ ಹೊಟ್ಟೆ ತುಂಬುವಂಥದ್ದನ್ನೇ ಒಯ್ಯಬೇಕೆಂದು ಫೋನ್ ಮಾಡಿದೆ.

"ಏನ ತಿನಬೇಕ ಅನಸ್ತೈತಿ ಹೇಳ ಯವ್ವಾ. ಶೇಂಗಾ ಹೋಳಿಗಿ? ಕರಚಿಕಾಯಿ? ನಾ ಮಾಡೋ ಗುರೆಳ್ಳ ಹಿಂಡಿ?"

ಮಗಳು ಹೇಳಿದಳು. "ಅವ್ವಾ, ದೊಡ್ಡವ್ವನ ರೊಟ್ಟಿ."

ಹೆತ್ತವಳು ನಾನು! ಒಂಬತ್ತು ತಿಂಗಳು ಹೊತ್ತವಳು, ಬೇಸಿಗೆಯಲ್ಲಿ ಬೀಸಣಿಕೆ ಹಿಡಿದು ಕೂತವಳು, ಕನ್ನಡ ಸಾಲೆಯಿಂದ ಕಾಲೇಜಿನವರೆಗೆ ಡಬ್ಬಿ ಕಟ್ಟಿದವಳು ನಾನು. ಬಯಕೆ ಮಾತ್ರ ದೊಡ್ಡವ್ವನ ಕೈರೊಟ್ಟಿಯದು! ಫೋನಿಟ್ಟು ಅತ್ತೆಯ ಮುಂದೆ ಗೋಳಾಡಿದೆ. ಅವರು ಹಲ್ಲಿಲ್ಲದ ಬಾಯಿಯಲ್ಲಿ ಎಲೆ ಅಡಿಕೆ ಆಡಿಸುತ್ತ, "ಹೌದಲ್ಲ, ಛಲೋ ಇರ್ತಾವ ಅಕಿ ರೊಟ್ಟಿ" ಎಂದರು. ಇಂಥ ಹೊತ್ತಿನಲ್ಲಿ ಹೇಳುವ ಮಾತೇ ಅದು?

ನಾನು ಹಟಕ್ಕೆ ಬಿದ್ದೆ. ಪಕ್ಕದ ಮನೆಯವರ ಹಂಚು ಕೇಳಿ ತಂದು, ಹಿತ್ತಲ ಬಾಗಿಲು ಹಾಕಿಕೊಂಡು, ಒಬ್ಬಳೇ ಬಡಿದು ಒಬ್ಬಳೇ ಬೇಯಿಸಿದೆ. ಬಡಿಯುವಾಗ ಹಂಚಿನ ಮೇಲಿನದು ಸೀದಿತು. ಹಂಚಿನ ಮೇಲಿನದನ್ನು ನೋಡಲು ಹೋದರೆ ಬಡಿಯುತ್ತಿದ್ದದ್ದು ಹರಿಯಿತು. ಆದರೂ ಬಿಡಲಿಲ್ಲ. ಇದ್ದುದರಲ್ಲಿ ಚಂದದವನ್ನು ಆರಿಸಿ, ಕಡಕ್ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಮಗಳು ನನ್ನ ಕೈಯ ರೊಟ್ಟಿ ತಿಂದು, "ಅವ್ವಾ, ದೊಡ್ಡವ್ವನ ರೊಟ್ಟಿಗಿಂತ ಛಲೋ ಅದಾವ" ಎಂದು ಎಲ್ಲರ ಮುಂದೆ ಅನ್ನಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಕುಬಸದ ದಿನ ಗಂಡ ಒಂದು ಕ್ರೂಸರ್ ಗಾಡಿ ಹೇಳಿದ್ದರು. ಬುತ್ತಿಯ ಬುಟ್ಟಿಗಳು, ಓಣಿಯ ಮುತ್ತೈದೆಯರು ಎಲ್ಲ ಹತ್ತಿ ಕೂತರು. ನಮ್ಮ ನೆಗೆಣ್ಣಿ ರಬಕವಿಯಿಂದ ಬಂದವಳು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ನಾ ಒಲ್ಲೆಪಾ ಇದನ್ನ. ಹೊಟ್ಟಿ ತೊಳಸ್ತೈತಿ. ಸರಕಾರ ಪುಕ್ಕಟ ಬಸ್ ಬಿಟ್ಟಿದ್ದ ಯಾರ ಸಲುವಾಗಿ?"

ಅವಳೊಬ್ಬಳನ್ನೇ ಬಿಡುವುದು ಹೇಗೆ? "ನೀ ಅಕ್ಕನ ಜೋಡಿ ಬಾ" ಎಂದು ಹೇಳಿ ನನ್ನ ಗಂಡ ಗಾಡಿ ಹೊರಡಿಸಿಯೇಬಿಟ್ಟರು. ಮಗಳ ಕುಬಸಕ್ಕೆ ಹೊರಟ ತಾಯಿ ನಾನು, ಹೊಸ ಇಳಕಲ್ ಸೀರೆ ಉಟ್ಟು, ಹಂಚಿನ ಪಕ್ಕ ಬಸ್ ಸ್ಟ್ಯಾಂಡಿನಲ್ಲಿ ನಿಂತೆ.

ಬೀಳಗಿಯ ನೇರ ಬಸ್ಸು ಹೋಗಿಬಿಟ್ಟಿತ್ತು. ಮುಧೋಳಕ್ಕೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯಬೇಕು. ಮುಧೋಳದ ದಾರಿಯೆಂದರೆ ಕಬ್ಬಿನ ಹಂಗಾಮಿನಲ್ಲಿ ಕೇಳುವುದೇ ಬೇಡ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಅದರಲ್ಲಿ ಕಿವಿ ಹರಿಯುವ ಹಾಡು. ಅದರ ಮುಂದೆ ಇನ್ನೊಂದು ಟ್ರ್ಯಾಕ್ಟರ್, ಅದಕ್ಕೆ ಬೇರೆ ಹಾಡು. ನಮ್ಮ ಬಸ್ಸು ಅವುಗಳ ಹಿಂದೆ ಆಮೆಯಾಗಿತ್ತು. ನೆಗೆಣ್ಣಿ ಕಿಟಕಿಗೆ ಕೂತು ಟ್ರ್ಯಾಕ್ಟರೊಂದನ್ನು ದಾಟುವಾಗ ಕೈ ಹೊರಗೆ ಚಾಚಿ ಟ್ರೇಲರಿನಿಂದ ಒಂದು ಕಬ್ಬಿನ ಜಲ್ಲೆ ಎಳೆದುಕೊಂಡು ಸಿಗಿದು ತಿಂದಳು. ನಾನು ಕಂಬಕ್ಕೆ ಜೋತುಬಿದ್ದು ಅವಳ ಬಾಯನ್ನೇ ನೋಡುತ್ತಿದ್ದೆ. "ತಿಂತಿಯೇನಬೇ?" ಎಂದಳು. ಬೇಡವೆಂದೆ. ಬೇಕಿತ್ತು.

ಮುಧೋಳ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಅಕ್ಕಪಕ್ಕ ಬಂದು ನಿಂತವು. ಜನ ಮುಗಿಬಿದ್ದರು. ಇವಳು ಎಡಗಡೆಯದಕ್ಕೆ ಓಡಿದಳು.

"ಅಕ್ಕಾರ, ಅದಲ್ರಿ! ಬೀಳಗಿದು ಈ ಕಡೀದು!"

"ನಿನಗೇನ ಗೊತ್ತೈತಿ? ಸುಮ್ನ ಬಾ!"

"ಬೋರ್ಡ ನೋಡ್ರಿ ಅಕ್ಕಾರ!"

"ಬೋರ್ಡ ನೋಡಕೋತ ನಿಂತ್ರ ಸೀಟ ನಿಮ್ಮಪ್ಪ ಹಿಡಿತಾನ?" ಎಂದವಳೇ ಹಂಚನ್ನು ಕಿಟಕಿಯಿಂದ ಒಳಗೆ ತೂರಿಸಿದಳು. ನಾವು ಬಾಗಿಲಿನ ಕಡೆ ತಿರುಗಿ, ಜನರ ನಡುವೆ ಸಿಕ್ಕು, ಜಗಳಾಡುತ್ತ ನಿಂತಿದ್ದಾಗಲೇ ಆ ಬಸ್ಸು ಬುಸ್ಸೆಂದು ಹೊರಟೇಹೋಯಿತು. ಹಿಂದಿನ ಬೋರ್ಡನ್ನು ನಾನು ಗಟ್ಟಿಯಾಗಿ ಓದಿದೆ: ಸಾವಳಗಿ!

ನಾವು ಬೀಳಗಿಗೆ, ಹಂಚು ಸಾವಳಗಿಗೆ. ಅದೂ ಕಿಟಕಿ ಸೀಟಿನಲ್ಲಿ, ತಾನೊಂದೇ, ಆರಾಮಾಗಿ, ಪುಕ್ಕಟೆ!

ನನಗೆ ಆದ ಖುಷಿಯನ್ನು ಹೇಗೆ ಹೇಳಲಿ? ಒಂದು, ನನ್ನ ಮಾತು ಖರೆಯಾಗಿತ್ತು. ಇನ್ನೊಂದು, ಆಯುಧವಿಲ್ಲದ ನೆಗೆಣ್ಣಿ! ಇನ್ನು ಮಗಳು ತಿನ್ನುವುದು ನನ್ನ ರೊಟ್ಟಿಯನ್ನೇ. ಸ್ಟ್ಯಾಂಡಿನ ಕಂಟ್ರೋಲರ್‌ಗೆ ಹೇಳಿದೆವು. ಅವರು ನಮ್ಮಿಬ್ಬರ ಮುಖವನ್ನೂ ನೋಡಿ, "ಏನ ಕಳಕೊಂಡೀರಿ? ಹಂಚ? ರೊಟ್ಟಿ ಹಂಚ?" ಎಂದು ಮೂರು ಸಲ ಕೇಳಿ, ಆ ಬಸ್ಸಿನ ಕಂಡಕ್ಟರ್‌ಗೆ ಫೋನ್ ಮಾಡುವುದಾಗಿ ಹೇಳಿದರು. ಬೀಳಗಿಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಯಾರೋ ಸರಿದು ಇಬ್ಬರಿಗೂ ಜಾಗ ಕೊಟ್ಟರು. ದಾರಿಯುದ್ದಕ್ಕೂ ಅವಳು ಬರಿದಾದ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಬೀಗರ ಮನೆಯಲ್ಲಿ ಸಂಭ್ರಮ. ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕೂರಿಸಿದ್ದರು. ಕೊರಳ ಎಲುಬು ಎದ್ದು ಕಾಣುತ್ತಿತ್ತು. ಉಡಿ ತುಂಬಿದೆವು, ಆರತಿ ಮಾಡಿದೆವು, ಹಾಡಾಯಿತು. ಬುತ್ತಿ ಬಿಚ್ಚಿದ ಕೂಡಲೇ ನಾನು ಎಲ್ಲಕ್ಕಿಂತ ಮೊದಲು ಬಿಳಿ ಬಟ್ಟೆಯ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಗುರೆಳ್ಳ ಹಿಂಡಿಯ ಪುಡಿ, ಬೆಣ್ಣೆ ಹಾಕಿ ಕೊಟ್ಟೆ. ಮಗಳು ತುದಿ ಮುರಿದು ಬಾಯಿಗಿಟ್ಟಳು. ಜಗಿದಳು. ನನ್ನ ಜೀವ ಅವಳ ದವಡೆಯಲ್ಲಿತ್ತು.

"ಆಮ್ಯಾಲ ತಿಂತೇನವ್ವಾ" ಎಂದು ತಾಟು ಕೆಳಗಿಟ್ಟಳು.

ಆ ಮಾತಿನ ಅರ್ಥ ಯಾವ ತಾಯಿಗೆ ಗೊತ್ತಿಲ್ಲ? ಬೀಗತಿ ಮೆಲ್ಲಗೆ, "ದಿನಾ ಹಿಂಗ ಮಾಡ್ತಾಳ್ರಿ ಬೀಗತ್ಯಾರ. ನಾವೂ ಮಾಡಿ ಮಾಡಿ ಸಾಕಾಗೇತಿ" ಎಂದರು. ಹೊಟ್ಟೆಕಿಚ್ಚೆಲ್ಲ ಇಳಿದುಹೋಗಿ ಹೊಟ್ಟೆಯಲ್ಲಿ ಬರೀ ಹೆದರಿಕೆ ಉಳಿಯಿತು. ಈ ಹುಡುಗಿ ಹೀಗೇ ಉಪವಾಸ ಕೂತರೆ ಮುಂದೇನು ಗತಿ?

"ದೊಡ್ಡವ್ವ ಎಲ್ಲದಾಳ?" ಎಂದು ಮಗಳು ಎದ್ದಳು. ನಾನೂ ಅವಳ ಹಿಂದೆ ಹೋದೆ.

ಅಡುಗೆಮನೆಯಲ್ಲಿ ನಮ್ಮ ನೆಗೆಣ್ಣಿ ಗ್ಯಾಸಿನ ಕಟ್ಟೆಯ ಮುಂದೆ ಒಬ್ಬಳೇ ನಿಂತಿದ್ದಳು. ಬೀಗರ ಮನೆಯ ತೆಳ್ಳಗಿನ ತವೆಯ ಮೇಲೆ ರೊಟ್ಟಿ ಮಾಡಲು ಹೋಗಿ ಮೈಯೆಲ್ಲ ಹಿಟ್ಟು ಮಾಡಿಕೊಂಡಿದ್ದಳು. ಒಂದು ಸೀದಿತ್ತು, ಒಂದು ಹರಿದಿತ್ತು, ಒಂದು ಒಳಗೆ ಹಸಿಯಾಗಿತ್ತು. ನಮ್ಮನ್ನು ಕಂಡು ಗಬಕ್ಕನೆ ತಾಟಿನ ಮೇಲೆ ಸೆರಗು ಮುಚ್ಚಿದಳು. ಈ ಕೈ ನೋಡು, ಈ ಕೈ ಎನ್ನುತ್ತಿದ್ದವಳು!

"ಹಂಚ ಹೋತ ಮಗಳ" ಎಂದಳು.

ಮಗಳು ಸೆರಗು ಸರಿಸಿ, ಹರಿದ ರೊಟ್ಟಿಯ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಜಗಿದಳು. ಉಳಿದದ್ದನ್ನು ಮುಟ್ಟಲಿಲ್ಲ. (ನನಗೆ ಒಂದೇ ಒಂದು ಚಣ, ಸಾಸಿವೆ ಕಾಳಿನಷ್ಟು, ಸಮಾಧಾನವಾಯಿತು. ದೇವರು ಕ್ಷಮಿಸಲಿ.) ಆಮೇಲೆ ಅಳುವುದಕ್ಕೇ ಶುರುಮಾಡಿದಳು.

"ಇದೂ ಅಲ್ಲ. ಅವ್ವ ತಂದಿದ್ದೂ ಅಲ್ಲ. ನಮ್ಮ ಹಿತ್ತಲದಾಗ ನೀವಿಬ್ರೂ ಮಾಡ್ತಿದ್ರೆಲ್ಲ, ಅದು ಬೇಕ ನನಗ."

"ಮತ್ತ ದೊಡ್ಡವ್ವನ ರೊಟ್ಟಿ ಅಂದೆಲ್ಲ ಫೋನಿನ್ಯಾಗ?" ಎಂದೆ ನಾನು.

"ಮನ್ಯಾಗ ಎಲ್ಲಾರೂ ಹಂಗ ಅಂತಿದ್ರಿ, ನಾನೂ ಅಂದೆ. ದೊಡ್ಡವ್ವ ಬಡೀತಿದ್ಲು, ನೀ ಬೇಸ್ತಿದ್ದಿ. ಇಬ್ರೂ ಒದರ್ಯಾಡ್ತಿದ್ರಿ. ನಾ ಅಲ್ಲೇ ಕಟ್ಟಿಗಿ ಮ್ಯಾಲ ಕುಂತ ಸುಡುಸುಡು ತಿಂತಿದ್ದೆ. ಇಲ್ಲಿ ಎಲ್ಲಾರೂ ಭಾಳ ಛಲೋ ಅದಾರವ್ವಾ, ಯಾರೂ ಒದರೂದಿಲ್ಲ. ಮನಿ ಬಿಕೋ ಅಂತೈತಿ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನೋಡಬಾರದೆಂದು ಮತ್ತೆ ಬೇರೆ ಕಡೆ ನೋಡಿದೆವು. ಮೊದಲು ಬಾಯಿಬಿಟ್ಟವಳು ನೆಗೆಣ್ಣಿ.

"ಏನ ನೋಡಕೋತ ನಿಂತೀಬೇ? ಈ ಕಡೆ ಬಾ. ಉರಿ ಸಣ್ಣ ಮಾಡ."

ಅವಳು ಹೊಸ ಹಿಟ್ಟು ನಾದಿದಳು. ನಾನು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ತವೆಯ ಮುಂದೆ ನಿಂತೆ. ಅದೇ ತೆಳ್ಳಗಿನ ತವೆ. ಪಟಪಟ ಸಪ್ಪಳ ಶುರುವಾಯಿತು. ಮೊದಲ ರೊಟ್ಟಿ ಬಿತ್ತು, ನೀರು ಹಚ್ಚಿದೆ, ಹೊತ್ತು ನೋಡಿ ತಿರುವಿದೆ, ಅಂಚು ಒತ್ತಿದೆ. ಉಬ್ಬಿತು ನೋಡಿ! ಹೊಟ್ಟೆತುಂಬ ಗಾಳಿ ತುಂಬಿಕೊಂಡು ನಿಂತಿತು.

"ತಿರವಬೇ, ಸೀದೀತು!"

"ತಿರವೇನ್ರಿ! ನಿಮ್ಮ ಅಂಚ ನೋಡ್ಕೋರಿ ಮೊದಲ!"

"ಮತ್ತ ನನ್ನ ಅಂಚಿಗೆ ಬಂದ್ಲಪಾ ಇಕಿ!"

ಬೀಗತಿ ಗಾಬರಿಯಾಗಿ ಬಾಗಿಲಿಗೆ ಬಂದರು, ನಾವಿಬ್ಬರೂ ಕಾರ್ಯದ ಮನೆಯಲ್ಲಿ ಹೊಡೆದಾಡುತ್ತಿದ್ದೇವೇನೋ ಎಂದು. ಬಂದವರು ಹಾಗೇ ನಿಂತರು. ಹೊಸ್ತಿಲ ಮೇಲೆ ಹಸಿರು ಸೀರೆ ಹರವಿಕೊಂಡು ಕೂತ ಮಗಳು ಬಿಸಿ ರೊಟ್ಟಿಯನ್ನು ಊದಿ ಊದಿ ತಿನ್ನುತ್ತಿದ್ದಳು. ಒಂದಾಯಿತು. ಬೆರಳು ನೆಕ್ಕಿ ತಾಟು ಮುಂದೆ ಹಿಡಿದಳು. "ಇನ್ನೊಂದ ಹಾಕ್ರಿ."

ನಮ್ಮ ನೆಗೆಣ್ಣಿ ಹಿಟ್ಟಿನಿಂದ ತಲೆ ಎತ್ತದೆ ಹೇಳಿದಳು. "ರಬಕವ್ಯಾಗ ಒಂದೂ ಹಿಂಗ ಉಬ್ಬಂಗಿಲ್ಲಬೇ. ಅದ ಹಂಚ, ಅದ ಕೈ. ನಿಮ್ಮ ಭಾವ ದಿನಾ ಉಣ್ಣಾಕ ಕುಂತಾಗ ಅಂತಾರ, ಸಣ್ಣಾಕಿ ಬೇಸಿದ್ಹಂಗ ಆಗಿಲ್ಲ ಅಂತ. ಕೇಳಿ ಕೇಳಿ ನನ್ನ ಹೊಟ್ಟಿ ಉರದ ಹೋಗೇತಿ. ಹಂಚಿಗೇನರ ಆಗೇತೇನು ಅಂತ ಪ್ರತಿ ಸಲ ಹೊತಗೊಂಡ ಬಂದ ನೋಡ್ತೇನಿ. ನಿಮ್ಮನ್ಯಾಗ ಉಬ್ಬತಾವ. ಹಂಚ ಅಲ್ಲ ಅದು, ನೀ."

ಏನೆಂದಳು? ಇವಳ ಹೊಟ್ಟೆ ಉರಿಯುತ್ತದೆಯೇ? ನನ್ನನ್ನು ನೋಡಿ? ಇಷ್ಟು ವರ್ಷ ರಬಕವಿಯ ಒಂದು ಮನೆಯಲ್ಲಿ ದಿನಾ ಎರಡು ಹೊತ್ತು ನನ್ನ ಹೊಗಳಿಕೆ ನಡೆದಿದೆ, ನನಗೆ ಸುದ್ದಿಯೇ ಇಲ್ಲ! ಕಣ್ಣಲ್ಲಿ ನೀರು ಬಂತು. ಗ್ಯಾಸ್ ಒಲೆಗೆ ಹೊಗೆ ಇರುವುದಿಲ್ಲ, ತಪ್ಪನ್ನು ಅದರ ಮೇಲೆ ಹಾಕುವಂತೆಯೂ ಇರಲಿಲ್ಲ. ಮಗಳಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮರಳಿ ಹೋಗುವಾಗಲೂ ನೆಗೆಣ್ಣಿ ಕ್ರೂಸರ್ ಒಲ್ಲೆನೆಂದಳು. ಈ ಸಲ ನಾನೇ, "ನಾವು ಬಸ್ಸಿಗೆ ಬರ್ತೇವ್ರಿ" ಎಂದು ಗಂಡನಿಗೆ ಹೇಳಿದೆ. ಮುಧೋಳದಲ್ಲಿ ಕಂಟ್ರೋಲರ್ ನಮ್ಮನ್ನು ಕಂಡೊಡನೆ ಎರಡೂ ಕೈ ಮುಗಿದರು. "ಮೊದಲ ಒಯ್ರಿ ಯವ್ವಾ ಇದನ್ನ! ಸಾವಳಗಿಗೆ ಹೋಗಿ ಅದ ಸೀಟಿನ್ಯಾಗ ವಾಪಸ್ ಬಂದೈತಿ. ಒಬ್ರೂ ಕುಂತಿಲ್ಲಂತ. ಕಂಡಕ್ಟರ್ ತಂದ ನನ್ನ ಖುರ್ಚಿ ಮ್ಯಾಲ ಇಟ್ಟ ಹ್ವಾದ. ಆವಾಗಿಂದ ನಿಂತ ಡ್ಯೂಟಿ ಮಾಡಾಕತ್ತೇನಿ!"

ಜಮಖಂಡಿಯ ಬಸ್ಸಿಗೆ ಹಂಚು ಮೊದಲು ಹತ್ತಿತು. ಇಬ್ಬರ ಸೀಟು ಹಿಡಿಯಿತು. ಇಷ್ಟು ವರ್ಷಗಳಲ್ಲಿ ಅದು ನನಗೂ ಸೀಟು ಹಿಡಿದದ್ದು ಅದೇ ಮೊದಲು. ಮುಂದಿನ ವಾರ ಮಗಳನ್ನು ಹೆರಿಗೆಗೆ ಮನೆಗೆ ಕರೆತರುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ಅದನ್ನೇ ಮಾತಾಡಿದೆವು, ನಡುನಡುವೆ ಜಗಳವನ್ನೂ ಆಡಿದೆವು.

ಜಮಖಂಡಿಯಲ್ಲಿ ರಬಕವಿಯ ಬಸ್ಸು ಹೊರಡಲು ನಿಂತಿತ್ತು. ಸಂಜೆಯ ಗದ್ದಲ, ಬಾಗಿಲಿನವರೆಗೆ ಜನ. ಅವಳು ಕಿಟಕಿಯ ಕಡೆ ಹೋಗಲೇ ಇಲ್ಲ. ಹಂಚನ್ನು ತಂದು ನನ್ನ ಕಂಕುಳಲ್ಲಿ ಇಟ್ಟಳು.

"ಇದ ನಿನ್ನ ಕಡೇನ ಇರ್ಲಿ. ಮಗಳ ಬರ್ತಾಳ, ಅಕಿಗೆ ದಿನಾ ಬೇಕಾಗ್ತೈತಿ. ನಾ ಬರಿಗೈಲೆ ಬಂದ ಬಡದ ಕೊಟ್ಟ ಹೋಗ್ತೇನಿ."

"ಅಕ್ಕಾರ, ದಿನಾ ರಬಕವಿಯಿಂದ? ಮತ್ತ ಸೀಟಿಗೇನ ಮಾಡ್ತೀರಿ?"

"ನಿಂತ ಬರ್ತೇನಿ ತಗೋ. ನನಗೇನ ಕಾಲಿಲ್ಲೇನ?"

ಬಸ್ಸು ಹೊರಟಿತು. ಜನರ ತೋಳುಗಳ ನಡುವೆ, ಮೇಲಿನ ಕಂಬಿ ಎಟಕದೆ ಯಾರದೋ ಸೀಟಿನ ಬೆನ್ನು ಹಿಡಿದು, ತೂರಾಡುತ್ತ ನಿಂತಿದ್ದಳು ನಮ್ಮ ನೆಗೆಣ್ಣಿ. ಅಲ್ಲಿಂದಲೇ ಕತ್ತು ಉದ್ದ ಮಾಡಿ ಕೂಗಿದಳು. "ತಳಾ ತಿಕ್ಕಿಗಿಕ್ಕೀಯ ನೋಡ ಮತ್ತ!"

ಇಲ್ಲವೆಂದು ತಲೆಯಾಡಿಸಿದೆ. ನನ್ನ ಹೊಸ ಇಳಕಲ್ ಸೀರೆಗೆ ಮೊಳದಗಲ ಮಸಿ ಮೆತ್ತಿತ್ತು. ಇಷ್ಟು ವರ್ಷ ಕಣ್ಣಿಟ್ಟ ಹಂಚು ಕೊನೆಗೂ ನನ್ನ ಕೈಗೆ ಬಂದಿತ್ತು. ಆದರೆ ನಾನು ನೋಡುತ್ತಿದ್ದುದು ಬಸ್ಸನ್ನು. ರಬಕವಿ ಬರುವವರೆಗೂ ಅವಳಿಗೆ ಯಾರಾದರೂ ಸರಿದು ಜಾಗ ಕೊಡಬಾರದೇ ಎಂದು ನಾನು ಅಲ್ಲೇ ನಿಂತು ಬೇಡಿಕೊಂಡೆ.